ಕನ್ಯಾ ನೋಡಾಕ ಬಂದ ಹಾರ್ಡ್‌ಡಿಸ್ಕ್

ಅಪ್ಪ ಕಡ್ಡಿ ಮುರದಂಗ ಹೇಳಿಬಿಟ್ಟಿದ್ದ: "ಎರಡು ವರ ಒಲ್ಲೆ ಅಂದಿ, ಸುಮ್ಮನಿದ್ದೆ. ಇದು ಕಡೀದು. ಇದನ್ನೂ ಒಲ್ಲೆ ಅಂದ್ರ ಮುಂದ ನಾ ತೋರಿಸಿದಾಂವಗ ಕೊರಳು ಕೊಡಬೇಕು, ತಕರಾರು ನಡಿಯಂಗಿಲ್ಲ."

ನಂದೂ ಒಂದು ಹಟ ಇತ್ತು. ತೊಂಬತ್ತರ ದಶಕದ ಕಡೀ ಕಡೀಗೆ ಹಾವೇರಿಗೆ ಬಸ್ಸಿನ್ಯಾಗ ಅಡ್ಡಾಡಿ ಕಂಪ್ಯೂಟರ್ ಕ್ಲಾಸ್ ಮುಗಿಸಿದ್ದೆ. ಲಗ್ನ ಆದಮ್ಯಾಲೂ ಅದನ್ನ ಮುಟ್ಟಾಕ ಬಿಡೋ ಗಂಡ ಬೇಕಾಗಿತ್ತು. ಗಂಡನ ಮಾತು ಇರ್ಲಿ, ಹಡದ ಅಪ್ಪನ ಮುಟ್ಟಾಕ ಬಿಡ್ತಿರಲಿಲ್ಲ! ಬ್ಯಾಡಗಿ ಪ್ಯಾಟ್ಯಾಗ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ವ್ಯಾಪಾರಕ್ಕಂತ ಅಪ್ಪ ಒಂದು ಹಳೇ ಕಂಪ್ಯೂಟರ್ ತಂದು ಮನಿ ಪಡಸಾಲ್ಯಾಗ ಇಟ್ಟಿದ್ದ. ಅದರ ಹಾರ್ಡ್‌ಡಿಸ್ಕ್ ಕೆಟ್ಟು ಕುಂತಿತ್ತು. "ನಾ ನೋಡ್ಲೇನಪಾ?" ಅಂದ್ರ, "ಹುಡುಗ್ಯಾರು ಕೈ ಹಚ್ಚೋ ಸಾಮಾನಲ್ಲ ಅದು" ಅಂತಿದ್ದ. ಮೈ ಉರೀತಿತ್ತು ನನಗ.

ಈ ಮೂರನೇ ವರ ರಾಣೆಬೆನ್ನೂರಾಗ ಕಂಪ್ಯೂಟರ್ ಅಂಗಡಿ ಇಟ್ಟಾಂವ. ಅವರಪ್ಪ ಮೊದಲ ಹೇಳಿ ಕಳಿಸಿದ್ದ: "ನಮ್ಮ ಹುಡುಗ ಎಲ್ಲಾ ತುಂಬಿದ ಬ್ಯಾರೆ ಡಿಸ್ಕ್ ತರ್ತಾನ. ಹೊರಗಿಂದ ಹಚ್ಚಿದ್ರ ಸಾಕು, ನಿಮ್ಮ ಮಷೀನ್ ಚಾಲೂ." ಕನ್ಯಾ ನೋಡಾಕ ಬರೋರು ಹೂವು, ಹಣ್ಣು ತರೋದು ಕಂಡೇನಿ, ಹಾರ್ಡ್‌ಡಿಸ್ಕ್ ತಂದವರಂದ್ರ ಇವರ ಮೊದಲಿಗರು.

ಬಂದ್ರು. ಹಿರ್‍ಯಾರೆಲ್ಲಾ ಪಡಸಾಲ್ಯಾಗ ಕುಂತ್ರು. ಹುಡುಗ ಟವೆಲ್ಲಿನ್ಯಾಗ ಸುತ್ತಿದ್ದ ಡಿಸ್ಕ್ ತಗದು, ಕಂಪ್ಯೂಟರಿನ ಡಬ್ಬಿ ಬಿಚ್ಚಿ, ವೈರ್ ಹೊರಗೆಳದು ಹಚ್ಚಿದ. ನಮ್ಮವ್ವ ಬಿಟ್ಟಾಳೇನು? ಡಿಸ್ಕಿಗೂ ಕುಂಕುಮ ಏರಿಸಾಕ ಹೋದ್ಲು. "ಒಂದ ಬೊಟ್ಟು ಸಾಕ್ರಿ ಅವ್ವಾರ, ಒಂದ!" ಅಂತ ಅಂವ ಗಾಬರಿ ಆದ.

ಸ್ವಿಚ್ ಹಾಕಿದ. ಕರೇ ಪರದಾ ಮ್ಯಾಲ ಬಿಳೀ ಅಕ್ಷರ ಮೂಡಿ ನಿಂತುಬಿಟ್ವು: ಆಪರೇಟಿಂಗ್ ಸಿಸ್ಟಮ್ ಇಲ್ಲ ಅಂತ. ಬಂದ್ ಮಾಡಿದ, ಮತ್ತ ಹಾಕಿದ. ಊಹೂಂ.

ಉಪ್ಪಿಟ್ಟಿನ ತಾಟು ಹಿಡಕೊಂಡು ಬಂದ ನನಗ ನೋಡಿದ ಕೂಡಲೇ ತಿಳೀತು. ಕ್ಲಾಸಿನ್ಯಾಗ ಇದ ತಪ್ಪು ಮಾಡಿ ಬೈಸಿಕೊಂಡಾಕಿ ನಾನು. ಈ ಪುಣ್ಯಾತ್ಮ ತನ್ನ ಅಂಗಡಿ ಮಷೀನಿನ ಡಿಸ್ಕ್ ಇದ್ದಂಗ ಬಿಟ್ಟು, ಇದನ್ನ ಬಾಜೂಕ ಹಚ್ಚಿ ತುಂಬ್ಯಾನ. ಮಷೀನ್ ಚಾಲೂ ಮಾಡೋ ಫೈಲು ಅಂಗಡಿ ಡಿಸ್ಕಿನ್ಯಾಗ ಉಳದಾವ. ಎತ್ತು ಮನ್ಯಾಗ ಬಿಟ್ಟು ಬರೇ ಚಕ್ಕಡಿ ತಂದಂಗ ಆಗಿತ್ತು.

ಮಾತು ಬಾಯಿ ತನಕ ಬಂತು, ನುಂಗಿದೆ. ನೋಡೋಣು, ಎಂಥಾ ಬುರುಡೆ ಬಿಡ್ತಾನ ಅಂತ ನಿಂತೆ.

ಬುರುಡೆ ಬಿಡಾಕ ಮಂದಿ ಕಡಿಮಿ ಇದ್ರೇನು! ಅವರಪ್ಪ, "ನಿಮ್ಮೂರ ಕರೆಂಟಿನ್ಯಾಗ ದಮ್ಮ ಇಲ್ಲ ಬಿಡ್ರಿ" ಅಂದ. ನಮ್ಮ ಕಾಕಾ, "ಮೆಣಸಿನಕಾಯಿ ಘಾಟು ಹೊಕ್ಕಿರಬೇಕು" ಅಂದ. ಹುಡುಗನ ಅತ್ತಿ ರಾಹುಕಾಲ ಅಂದ್ಲು. ಹುಡುಗ ಬೆವರು ಒರಸಿಕೊಂತ ಮತ್ತ ಮತ್ತ ವೈರ್ ಜಗ್ಗಿ ನೋಡಾಕತ್ತಿದ್ದ. ನಾ ಮಜಾ ನೋಡಿಕೊಂತ, ಬ್ಯಾಡಂದವರಿಗೂ ಉಪ್ಪಿಟ್ಟು ಬಡಿಸಿದೆ.

"ತಂಗಿ, ಏನರ ಮಾತಾಡವಾ. ಹಾಡು ಬರ್ತೈತೇನು?" ಅಂತ ಹುಡುಗನ ಅವ್ವ ಕೇಳಿದ್ಲು.

"ಹಾಡು ಬರಂಗಿಲ್ರಿ," ಅಂದು ಅವನ ಕಡೆ ತಿರುಗಿದೆ. "ಇದನ್ನ ತುಂಬೋವಾಗ ನಿಮ್ಮ ಅಂಗಡಿ ಮಷೀನಿನ ಡಿಸ್ಕ್ ಬಿಚ್ಚಿಟ್ಟಿದ್ರೇನ್ರಿ?"

ಎಲ್ಲಾರ ಕೈ ತಾಟಿನ್ಯಾಗ ನಿಂತ್ವು. ಅಪ್ಪ ಕಣ್ಣು ಕೆಂಪಗ ಮಾಡಿದ. "ಕರೆಂಟಿಂದ ಅದು, ಕರೆಂಟಿಂದ!" ಅಂತ ಅವರಪ್ಪ ಲಗೂನ ಬಾಯಿ ಹಾಕಿದ. ಹುಡುಗ ಹೂಂ ಅಂದಿದ್ರ ಮುಗೀತಿತ್ತು. ಅವನ ಮಾನ ಉಳೀತಿತ್ತು. ನಾ ಮಾತ್ರ ಕೆಡ್ತಿದ್ದೆ. ಇಂಥಾ ಸುಳ್ಳು ಹೇಳಾಂವನ್ನ ಒಲ್ಲೆ ಅನ್ನಬೇಕು, ಒಲ್ಲೆ ಅಂದ್ರ ಅಪ್ಪ ತೋರಿಸಿದಾಂವನ್ನ ಕಟ್ಟಿಕೋಬೇಕು.

"ಕರೆಂಟಿಂದಲ್ಲಪಾ," ಅಂದ ಅಂವ. "ನಾ ಬಿಚ್ಚಿರಲಿಲ್ರಿ. ತಪ್ಪು ನಂದ."

ಅವರು ಹೋದಮ್ಯಾಲ ಅಪ್ಪ ನನ್ನನ್ನ ಬೈದದ್ದು ಓಣಿಗೆಲ್ಲಾ ಕೇಳಿಸಿತು. ಮರುದಿನ ರಾಣೆಬೆನ್ನೂರಿಂದ ಸುದ್ದಿ ಬಂತು: ಹುಡುಗಿಗೆ ಬಾಯಿ ಭಾಳ, ನಮಗ ಒಗ್ಗಂಗಿಲ್ಲ. ತಪ್ಪು ಒಪ್ಪಿಕೊಂಡಾಂವ ನನಗ ಮನಸ್ಸಿಗೆ ಬಂದಿದ್ದ; ಅಟ್ಟ ಹತ್ತಿ ಕುಂತು ಅತ್ತುಬಿಟ್ಟೆ, ಖರೇ ಹೇಳ್ತೇನಿ. ಅಪ್ಪ ಹಾನಗಲ್ಲ ಕಡೆಯ ಬ್ಯಾರೆ ಮನಿತನದ ಮಾತು ತಗದ.

ಮುಂದಿನ ಐತವಾರ ಅಂವ ಒಬ್ಬನ, ಡಿಸ್ಕ್ ಹಿಡಕೊಂಡು ಬಂದ.

"ನಿಮ್ಮ ಮನ್ಯಾಗ ಬ್ಯಾಡಂದ್ರಲ್ಲಪಾ?" ಅಂದ ಅಪ್ಪ.

"ಅವರು ಅಂದಾರ್ರಿ, ನಾ ಅಂದಿಲ್ಲ. ಅಂಗಡಿ ಡಿಸ್ಕ್ ಬಿಚ್ಚಿಟ್ಟು ಇದನ್ನ ಮತ್ತ ತುಂಬೇನಿ. ಕದರಮಂಡಲಗಿ ಹನಮಪ್ಪನ ಗುಡ್ಯಾಗ ಕಾಯಿನೂ ಒಡಿಸಿಕೊಂಡು ಬಂದೇನಿ, ಈ ಸಲ ಕೈ ಕೊಡಂಗಿಲ್ಲ."

ಆದ್ರ ಹಚ್ಚಾಕ ಅಂವ ಕುಂಡ್ರಲಿಲ್ಲ. ಬಾಗಿಲ ಮರೀಗೆ ನಿಂತಿದ್ದ ನನ್ನ ಕಡೆ ಸ್ಕ್ರೂಡ್ರೈವರ್ ಚಾಚಿದ. "ಬರ್ರಿ, ನೀವ ಹಚ್ಚರಿ. ನಾ ಹಚ್ಚಿದ್ದನ್ನ ಆಗಲೇ ನೋಡೀರಿ."

ಅಪ್ಪನ ಮಾರಿ ನೋಡಿದೆ. ಅಪ್ಪ ಬಾಜೂಕ ಸರದು ದಾರಿ ಬಿಟ್ಟ. ಹೋಗಿ ಕುರ್ಚಿ ಮ್ಯಾಲ ಕುಂತೆ, ವೈರ್ ಹಚ್ಚಿದೆ, ಸ್ವಿಚ್ ಹಾಕಿದೆ. ಪರದಾ ಬೆಳಗಿ ಮಷೀನ್ ಚಾಲೂ ಆತು. ಅಪ್ಪ ಅದನ್ನೊಮ್ಮೆ, ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದ.

"ಕುಂಡ್ರಪಾ," ಅಂದ ಅವಗ. "ಊಟ ಮಾಡಿಕೊಂಡ ಹೋಗಂತಿ."

ನಾ ಆ ಕುರ್ಚಿ ಬಿಟ್ಟು ಏಳಲಿಲ್ಲ. ಏಳು ಅಂತ ಅಪ್ಪನೂ ಅನ್ನಲಿಲ್ಲ.