ಹುಳದ ಮನೆಗೆ ಹೋಗುವ ಕೈ

ನಮ್ಮ ಮನೆಯಲ್ಲಿ ಚರ್ಮದ ವಿಷಯ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಅದು ರೇಷ್ಮೆಹುಳದ ಚರ್ಮ. ಹುಳ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಕೂತರೆ ಅದು ಪೊರೆ ಕಳಚುವ ಕಾಲ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಮೈ ಬಿಗಿದು ಹೊಳೆದರೆ ಜ್ವರಕ್ಕೆ ಕೂರುತ್ತಿದೆ ಎಂದೂ, ಊದಿಕೊಂಡು ಹೊಳೆದರೆ ರೋಗ ಎಂದೂ ಅಜ್ಜಿ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಸತ್ತ ಹುಳ ಸುಣ್ಣದ ಕಡ್ಡಿಯಂತೆ ಗಟ್ಟಿಯಾದರೆ ಆ ಬೆಳೆಯ, ಅಂದರೆ ಆ ಸಲ ಸಾಕಿದ ಅಷ್ಟೂ ಹುಳಗಳ, ಕಥೆ ಮುಗಿಯಿತು. ಮನುಷ್ಯರ ಚರ್ಮಕ್ಕೆ ಇಷ್ಟು ಗಮನ ಯಾರೂ ಕೊಡುತ್ತಿರಲಿಲ್ಲ. ನಮಗೆ ಏನೇ ಎದ್ದರೂ ಉಷ್ಣ. ನನ್ನ ಮೊಡವೆಗೆ ಉಷ್ಣ, ಅಪ್ಪನ ಬೆವರುಸಾಲೆಗೆ ಉಷ್ಣ, ಅಮ್ಮನ ಕೈಗೂ ಉಷ್ಣ. ಒಂದು ಲೋಟ ಮಜ್ಜಿಗೆ ಕುಡಿಸಿದರೆ ಆಯಿತು.

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ಬಸ್ಸಿನಲ್ಲಿ ಸ್ವಲ್ಪ ದೂರ ಬಂದು, ಇಳಿದು ಒಳಕ್ಕೆ ನಡೆದರೆ ನಮ್ಮೂರು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನು ಚಿಂತಾಮಣಿಗೆ ಪಿಯುಸಿ ಓದಲು ಹೋಗಿ ಬರುತ್ತಿದ್ದೆ. ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಭಾಗ ಹುಳಗಳದ್ದು, ಉಳಿದದ್ದು ನಮ್ಮದು. ಈ ಏರ್ಪಾಡನ್ನು ಯಾರೂ ವಿಚಿತ್ರ ಎಂದುಕೊಂಡಿರಲಿಲ್ಲ. ನಮಗೆ ಅನ್ನ ಹಾಕುವವು ಅವು, ಸುಖವಾಗಿರಲಿ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು.

ಹುಳಕ್ಕೆ ವಾಸನೆ ಆಗದು. ಬೀಡಿ ಸೇದಿದವರು, ಸೆಂಟು ಹಚ್ಚಿದವರು, ತೋಟಕ್ಕೆ ಔಷಧಿ ಹೊಡೆದು ಬಂದವರು ಒಳಗೆ ಕಾಲಿಡುವಂತಿಲ್ಲ. ಇಷ್ಟು ಎಲ್ಲ ಮನೆಗಳಲ್ಲೂ ಇತ್ತು. ನಮ್ಮ ಅಜ್ಜಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಯೊಬ್ಬರ ಕೈಯನ್ನೂ ಮೂಸಿ ನೋಡುತ್ತಿದ್ದಳು. ಅವಳ ತವರು ಆಂಧ್ರದ ಗಡಿಯ ಹತ್ತಿರ, ಅಧಿಕಾರ ಚಲಾಯಿಸುವಾಗ ತೆಲುಗು ಬರುತ್ತಿತ್ತು. ಹುಳದ ಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು "ಚೇತುಲು ಚೂಪಿಂಚು" ಎನ್ನುತ್ತಿದ್ದಳು. ನಾವು ಕೈ ತೋರಿಸಬೇಕು. ನಾನು ಕಾಲೇಜಿಗೆ ಹೋಗುವಾಗ ಮುಖಕ್ಕೆ ಒಂದಿಷ್ಟು ಪೌಡರ್ ಹಾಕಿದ ದಿನ ಸಂಜೆಯವರೆಗೂ ನನ್ನನ್ನು ಆ ಕಡೆ ಬಿಡುತ್ತಿರಲಿಲ್ಲ. ಸೊಪ್ಪು ಹಾಕುವ ಕೆಲಸ ತಪ್ಪಿತಲ್ಲ ಎಂದು ನಾನು ಬೇಕಂತಲೇ ಎರಡು ಸಲ ಪೌಡರ್ ಹಾಕಿದ್ದೂ ಉಂಟು.

ಬಾಗಿಲ ಪಕ್ಕದಲ್ಲಿ ಒಂದು ಬೇಸನ್ನಿನಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು ಇರುತ್ತಿತ್ತು. ಕೈ ಅದ್ದಿ ಒಳಗೆ ಹೋಗಬೇಕು. ಊರಿಗೆ ಬರುತ್ತಿದ್ದ ರೇಷ್ಮೆ ಇಲಾಖೆಯವರು ಒಂದು ಚಿಟಿಕೆ ಸಾಕು ಎಂದು ತೋರಿಸಿಕೊಟ್ಟಿದ್ದರು. ಅಜ್ಜಿ ಒಂದು ಹಿಡಿ ಹಾಕಿಸುತ್ತಿದ್ದಳು. ಚಿಟಿಕೆಗೇ ಇಷ್ಟು ಒಳ್ಳೆಯದಾದರೆ ಹಿಡಿಗೆ ಎಷ್ಟಾಗಬೇಡ ಎಂಬುದು ಅವಳ ಲೆಕ್ಕ. ನಾನು, ಅಪ್ಪ ಆಗೊಮ್ಮೆ ಈಗೊಮ್ಮೆ ಅದ್ದುತ್ತಿದ್ದೆವು. ಅಮ್ಮನಿಗೆ ಬೆಳಗಿನಿಂದ ರಾತ್ರಿಯವರೆಗೂ ಅದೇ. ಸೊಪ್ಪು ಹೆಚ್ಚಲು ಹೋಗುವಾಗ ಅದ್ದು, ಹುಳದ ತಟ್ಟೆಗೆ ಹಾಕುವಾಗ ಅದ್ದು, ಒಲೆ ಮುಂದಿನಿಂದ ಎದ್ದು ಬಂದರೆ ಮತ್ತೆ ಅದ್ದು.

ಅಮ್ಮನದು ಮೊದಲೇ ಒಣ ಮೈ. ಚಳಿಗಾಲ ಬಂತೆಂದರೆ ಮೊಣಕಾಲ ಕೆಳಗೆ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಮೂಡುತ್ತಿತ್ತು. ಆ ಕೈಗಳು ಆ ನೀರಿಗೆ ಬಿದ್ದು ಮೊದಲು ಒರಟಾದವು, ಆಮೇಲೆ ಬೆರಳ ಸಂದಿಗಳಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಎದ್ದು ತುರಿಸಿದವು, ಆಮೇಲೆ ಸೀಳಿದವು. ರಾಗಿಮುದ್ದೆ ಕಟ್ಟುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಸಾರಿಗೆ ಖಾರ ಅರೆಯುವ ಕೆಲಸವನ್ನು ಏನೂ ಹೇಳದೆ ನನಗೆ ದಾಟಿಸಿದ್ದಳು. ಇಸುಬು ಎಂದು ಯಾರೋ ಹೇಳಿದರು, ಬೇವಿನೆಣ್ಣೆ ಹಚ್ಚು ಎಂದರು. ಬೆಳೆ ನಡೆಯುವಾಗ ಬೇವಿನೆಣ್ಣೆಯ ಕೈಯನ್ನು ಅಜ್ಜಿ ಒಳಗೆ ಬಿಡುತ್ತಾಳೆಯೇ?

ಒಂದು ಬೆಳೆ ಮುಗಿದು ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅಮ್ಮನ ಬಲಗೈ ಊದಿತು. ಸೀಳಿನಲ್ಲಿ ಕೀವು, ಕಂಕುಳಲ್ಲಿ ಗಂಟು, ಮೈ ಕೆಂಡ. ಅಪ್ಪ ಅವಳನ್ನು ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟರು, ನಾನೂ ಜೊತೆಗೆ ಹೋದೆ. ವಯಸ್ಸಾದ ಆ ಡಾಕ್ಟರು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಕೆಲಸ ಎಂದು ಕೇಳಿದರು. ಬೇಸನ್ನಿನ ಕಥೆ ಹೇಳಿದೆವು.

"ಹಿಡಿನಾ?" ಎಂದರು.

"ಹೂಂ ಸಾರ್" ಎಂದರು ಅಪ್ಪ.

ಕೀವಿಗೆ ಮಾತ್ರೆ, ತುರಿಕೆಗೆ ಸ್ವಲ್ಪ ದಿನ ಮಾತ್ರ ಹಚ್ಚಬೇಕಾದ ಒಂದು ಟ್ಯೂಬು, ಅದಾದ ಮೇಲೆ ದಿನವೂ ಹಚ್ಚಲು ವಾಸನೆಯಿಲ್ಲದ ಬಿಳಿ ಮುಲಾಮಿನ ಒಂದು ಡಬ್ಬಿ ಬರೆದುಕೊಟ್ಟರು. ನನ್ನ ಕಡೆ ತಿರುಗಿ ಹೇಳಿದರು: "ನೋಡಮ್ಮ, ನಿನ್ನ ಮುಖದಲ್ಲಿ ಎಣ್ಣೆ ಜಾಸ್ತಿ, ಅದಕ್ಕೇ ಮೊಡವೆ. ನಿಮ್ಮಮ್ಮಂಗೆ ಇರೋದೇ ಕಮ್ಮಿ, ಇದ್ದಿದ್ದನ್ನೂ ಆ ನೀರು ತೊಳ್ಕೊಂಡು ಹೋಯ್ತು. ಚರ್ಮ ಅಂದ್ರೆ ಬೇಲಿ ಇದ್ದಂಗೆ, ಬೇಲಿ ಮುರಿದ ಮೇಲೆ ಏನು ಬೇಕಾದ್ರೂ ನುಗ್ಗುತ್ತೆ. ಚಿಟಿಕೆಗಿಂತ ಜಾಸ್ತಿ ಪುಡಿ ಹಾಕ್ಬೇಡಿ. ಕೈ ಅದ್ದಿದ ಮೇಲೆ ಒಳ್ಳೆ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಹಸಿ ಇರೋವಾಗ್ಲೇ ಮುಲಾಮು ಹಚ್ಬೇಕು. ಪ್ರತಿ ಸಲ." ಆಮೇಲೆ ಅಮ್ಮನಿಗೆ: "ಮುಂದಿನ ಬೆಳೇಲೂ ಹೀಗೇ ಮಾಡಿದ್ರೆ ಬೆರಳು ಮಡಿಚೋಕೆ ಆಗಲ್ಲ ಕಣಮ್ಮ."

ಅಮ್ಮ ತಲೆಯಾಡಿಸಿದಳು. ಅವಳು ಯಾರಿಗೆ ಬೇಕಾದರೂ ತಲೆಯಾಡಿಸುತ್ತಾಳೆ ಎಂದು ನನಗೆ ಗೊತ್ತಿತ್ತು.

ಬೆಳೆ ಇಲ್ಲದ ಆ ಬಿಡುವಿನಲ್ಲಿ ಕೈ ಗುಣವಾಯಿತು. ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ಅದನ್ನು ಮುಟ್ಟಿ ನೋಡಿ ನನಗೆ ಅಳು ಬಂದಿತ್ತು, ನಿಜ ಹೇಳುತ್ತೇನೆ. ಮತ್ತೆ ಮರಿಹುಳ ಮನೆಗೆ ಬಂದವು. ಪುಡಿಯನ್ನು ಚಿಟಿಕೆಗೆ ಇಳಿಸಲು ಅಜ್ಜಿ ಗೊಣಗುತ್ತಲೇ ಒಪ್ಪಿದಳು, ಡಾಕ್ಟರ ಮಾತಲ್ಲವೇ. ಆದರೆ ಮುಲಾಮಿನ ಡಬ್ಬಿ ಗೋಡೆಯ ಗೂಡಿನಲ್ಲಿ ಕೂತೇ ಇತ್ತು. ಕೇಳಿದರೆ ಅಮ್ಮ, "ಹುಳಕ್ಕೆ ಆಗಲ್ಲ ಕಣೇ, ಬೆಳೆ ಮುಗೀಲಿ" ಎನ್ನುತ್ತಿದ್ದಳು. ಹುಳ ಎರಡನೇ ಜ್ವರದಿಂದ ಏಳುವ ಹೊತ್ತಿಗೆ ಅವಳ ಬೆರಳ ಸಂದಿಗಳಲ್ಲಿ ಮತ್ತೆ ಗುಳ್ಳೆ ಕಾಣಿಸಿದವು.

ನನಗೆ ತಲೆ ಕೆಟ್ಟುಹೋಯಿತು. ವಾಸನೆಯೇ ಇಲ್ಲದ ಮುಲಾಮಿಗೆ ಹುಳ ಸಾಯುವುದಾದರೆ ಸಾಯಲಿ, ನೋಡಿಯೇಬಿಡೋಣ ಎಂದುಕೊಂಡೆ. ಅಂಗೈಯಗಲದ ಸೊಪ್ಪಿನ ಮೇಲೆ ಒಂದಷ್ಟು ಹುಳ ಎತ್ತಿಕೊಂಡು, ಹಳೆಯ ಮೊರದಲ್ಲಿ ಹಾಕಿ, ಹಿಂದಿನ ಕೋಣೆಯಲ್ಲಿ ಇಟ್ಟೆ. ಮುಲಾಮನ್ನು ಎರಡೂ ಕೈಗೆ ಧಾರಾಳವಾಗಿ ಹಚ್ಚಿಕೊಂಡೇ ಅವಕ್ಕೆ ಸೊಪ್ಪು ಹಾಕುತ್ತಾ ಬಂದೆ. ಕಾಲೇಜಿನಿಂದ ಬಂದವಳು ಮೊದಲು ಓಡುತ್ತಿದ್ದುದು ಆ ಮೊರದ ಹತ್ತಿರಕ್ಕೆ. ಅವು ನನ್ನ ಕೋಪಕ್ಕೆ ಕ್ಯಾರೇ ಎನ್ನದೆ ಸೊಪ್ಪು ತಿಂದವು, ಜ್ವರಕ್ಕೆ ಕೂತವು, ಎದ್ದವು, ಮತ್ತೆ ತಿಂದವು. ನಾಲ್ಕನೇ ಜ್ವರವನ್ನೂ ದಾಟಿ ಒಳಗಿನ ಹುಳಗಳಷ್ಟೇ ದಪ್ಪವಾದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ನನ್ನ ಜಿಡ್ಡುಗೈಯನ್ನೂ ತೋರಿಸಿದೆ. ಗೆದ್ದೆ ಎಂಬ ಜಂಬ ಮುಖದ ಮೇಲೆ ಇದ್ದಿರಬೇಕು.

ಅಮ್ಮ ಒಂದು ಹುಳವನ್ನು ಎತ್ತಿ, ಮೈ ನೋಡಿ, ಮೊರಕ್ಕೆ ಬಿಟ್ಟಳು.

"ಮುಲಾಮಿಗೆ ಸಾಯಲ್ಲ ಅಂತ ನಂಗೂ ಗೊತ್ತು ಕಣಮ್ಮ" ಎಂದಳು.

"ಮತ್ತೆ?"

"ಹುಳ ಅಂದ ಮೇಲೆ ನೂರು ಕಾರಣಕ್ಕೆ ಹೋಗುತ್ತೆ. ಸೆಕೆಗೆ ಹೋಗುತ್ತೆ, ಒದ್ದೆ ಸೊಪ್ಪಿಗೆ ಹೋಗುತ್ತೆ. ಮುಲಾಮು ಹಚ್ಚಿದ ಬೆಳೇಲಿ ಹೋದ್ರೆ ನನ್ನ ಕೈ ಅಂತಾರೆ. ನಾನು ಈ ಮನೆಗೆ ಬಂದ ವರ್ಷ ಒಂದು ಬೆಳೆ ಪೂರ್ತಿ ಹೋಯ್ತು. ತಲೆಗೆ ಹರಳೆಣ್ಣೆ ಹಾಕ್ಕೊಂಡಿದ್ದೆ, ಅದಕ್ಕೇ ಅಂದ್ರು. ಊರಲ್ಲಿ ಅರ್ಧ ಜನದ್ದು ಹೋಗಿತ್ತು. ಅವರೆಲ್ಲ ಹರಳೆಣ್ಣೆ ಹಾಕ್ಕೊಂಡಿದ್ರಾ? ಆವತ್ತಿಂದ ನಿಮ್ಮಜ್ಜಿ ಕೈ ಮೂಸೋದು." ಮೊರದ ಅಂಚಿಗೆ ಬಂದಿದ್ದ ಒಂದು ಹುಳವನ್ನು ಒಳಕ್ಕೆ ಬಿಟ್ಟು ಸೇರಿಸಿದಳು: "ಸೀಳಿದ್ರೆ ಕೈ ಒಂದೇ ನೋಯುತ್ತೆ."

ನಾನು ಇಷ್ಟು ದಿನ ಹುಳಗಳ ಜೊತೆ ವಾದ ಮಾಡುತ್ತಿದ್ದೆ. ಅಮ್ಮನಿಗಿದ್ದ ಭಯ ಹುಳದ್ದಾಗಿರಲೇ ಇಲ್ಲ. ಕೈ ಮೂಸುವುದನ್ನು ನಾವೆಲ್ಲ ಅಜ್ಜಿಯ ವಿಚಿತ್ರ ಚಾಳಿ ಎಂದು ನಕ್ಕು ಮರೆಯುತ್ತಿದ್ದೆವು, ಅಮ್ಮ ಮಾತ್ರ ಪ್ರತಿ ಸಲವೂ ಆ ಬಾಗಿಲಲ್ಲಿ ಹಳೆಯ ಬೆಳೆಗೆ ಉತ್ತರ ಕೊಡುತ್ತಿದ್ದಳು. ಅಜ್ಜಿಯ ಮೇಲೆ ಬಂದ ಸಿಟ್ಟನ್ನು ಸಂಜೆ ಸೊಪ್ಪಿನ ಹೊರೆ ಇಳಿಸುತ್ತಿದ್ದ ಅಪ್ಪನ ಮೇಲೆ ಸುರಿದೆ. ಅಮ್ಮ ಹೇಳಿದ್ದೆಲ್ಲ ಹೇಳಿದೆ. ಅಪ್ಪ ಹೊರೆ ಇಳಿಸಿ ಮುಗಿಸಿದರು. ಮುಖ ತೊಳೆದರು, ಟವೆಲಿನಲ್ಲಿ ಒರೆಸಿಕೊಂಡರು, ಕಾಫಿ ಕುಡಿದರು. ಇವರಿಂದ ಏನೂ ಆಗುವುದಿಲ್ಲ ಎಂದು ನಾನು ಒಳಗೇ ಕುದಿಯುತ್ತಿದ್ದೆ.

ಸಂಜೆಯ ಸೊಪ್ಪು ಹಾಕುವ ಹೊತ್ತಾಯಿತು. ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಅಪ್ಪ ಗೂಡಿನಿಂದ ಡಬ್ಬಿ ತೆಗೆದುಕೊಂಡು ಬಂದು ಅವಳ ಮುಂದೆಯೇ ನಿಂತರು. ಬೇಸನ್ನಿನಲ್ಲಿ ಕೈ ಅದ್ದಿ, ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ಮುಲಾಮನ್ನು ಮೊಣಕೈವರೆಗೂ ಹಚ್ಚಿಕೊಂಡರು. ಚೆನ್ನಾಗಿಯೇ ಇದ್ದ, ಯಾವ ಮುಲಾಮೂ ಬೇಕಿಲ್ಲದ ಕೈಗಳು ಅವು. ಆಮೇಲೆ ಅಜ್ಜಿಯ ಮೂಗಿನ ಹತ್ತಿರ ಹಿಡಿದರು.

"ಹುಳ ಹೋದ್ರೆ ನನ್ನ ಕೈಯಿಂದ ಹೋಯ್ತು ಅಂತ ಊರಿಗೆಲ್ಲ ಹೇಳು" ಎಂದರು.

ಅಜ್ಜಿ ಮೂಸಿದಳು. ಮಗನ ಮುಖ ನೋಡಿದಳು, ಅವನ ಹಿಂದೆ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದ ಸೊಸೆಯ ಬೆರಳು ನೋಡಿದಳು. ಕೂತಲ್ಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅಪ್ಪ ಒಳಗೆ ಹೋದರು. ಡಬ್ಬಿ ಹೊಸ್ತಿಲ ಮೇಲೇ ಇತ್ತು. ಅಮ್ಮ ಬುಟ್ಟಿ ಕೆಳಗಿಟ್ಟು ಅದರ ಪಕ್ಕದಲ್ಲಿ ಕೂತಳು, ಒಂದೊಂದೇ ಬೆರಳಿಗೆ ಹಚ್ಚಿದಳು, ಅವಸರ ಮಾಡಲಿಲ್ಲ.

ಆ ಬೆಳೆ ಚೆನ್ನಾಗಿ ಬಂತು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಕೊನೆಯಲ್ಲಿ ಸೆಕೆ ಹೊಡೆದು ಹುಳ ಹಣ್ಣಾಗಿ ಗೂಡು ಕಟ್ಟುವ ಮೊದಲೇ ಅರ್ಧಕ್ಕರ್ಧ ಸಪ್ಪೆರೋಗಕ್ಕೆ ಸತ್ತವು. ಸತ್ತ ಹುಳಗಳನ್ನು ಬುಟ್ಟಿಗೆ ತುಂಬುವಾಗ ಅಮ್ಮ ತಲೆ ತಗ್ಗಿಸಿಕೊಂಡೇ ಇದ್ದಳು, ನಿನ್ನ ಕೈಯಿಂದಲೇ ಎಂಬ ಮಾತು ಬರುವುದನ್ನು ಕಾಯುತ್ತಿದ್ದಳು. ಅಜ್ಜಿ ಬಂದು ತಟ್ಟೆ ನೋಡಿದಳು. "ಈ ಸಲ ಬಿಸಿಲು ಜಾಸ್ತಿ" ಎಂದು ಹೇಳಿ, ತಾನೂ ಒಂದು ಬುಟ್ಟಿ ಎಳೆದುಕೊಂಡು ಅಮ್ಮನ ಪಕ್ಕದಲ್ಲಿ ಕೂತಳು.