ರಬ್ಬರ್ ಮೂಸಿ ನೋಡುತ್ತಿದ್ದ ಸಾವಕಾರರು

ಮೊಮ್ಮಗಳು ಮನೆಗೆ ಬರುತ್ತಾಳೆ ಅಂತ ಮಗ ಒಂದು ತಳ್ಳುಗಾಡಿ ತಂದಿದ್ದ. ಕೂಸನ್ನು ಮಲಗಿಸಿಕೊಂಡು ಅಡ್ಡಾಡುವ ಗಾಡಿ. ಮೇಲೆ ಪುಟ್ಟ ಕೊಡೆ, ಕೆಳಗೆ ಕರೀ ಗಾಲಿ. ನನಗಂತೂ ಹಿಗ್ಗು ತಡೆಯಲಾಗಲಿಲ್ಲ ನೋಡ್ರಿ. ಹುಟ್ಟಿದಾಗಿನಿಂದ ಕೂಸು ಬೀದರಿನಲ್ಲಿ, ಸೊಸೆಯ ತವರಿನಲ್ಲೇ ಇತ್ತು. ನಾಳೆ ಹೋಗಿ ಕರಕೊಂಡು ಬರುವುದು, ನಾಳೆಯಿಂದ ನನ್ನ ಮನೆ ತುಂಬ ಅದರ ಅಳು, ಅದರ ನಗು! ಆ ಖುಷಿಯಲ್ಲಿ ಬಗ್ಗಿ ಗಾಲಿಗೆ ಮೂಗು ಹಚ್ಚಿ ಮೂಸಿದೆ.

"ಯವ್ವಾ, ಅದೇನು ಕರಬೂಜ ಹಣ್ಣೇನು, ಮೂಸಿ ನೋಡಾಕ?" ಅಂತ ಮಗ ನಕ್ಕ.

ನಾನೂ ನಕ್ಕೆ. ಆದರೆ ಹೊಸ ರಬ್ಬರಿನ ಆ ವಾಸನೆ ಒಳಗೆ ಹೋಗಿ ಅಲ್ಲೇ ಕುಂತುಬಿಟ್ಟಿತು... ರಬ್ಬರ್ ಮೂಸಿ ನೋಡುವುದನ್ನು ನನಗೆ ಕಲಿಸಿದವರು ಸಾವಕಾರರು.

ನಾನು ಮೂರನೇ ಇಯತ್ತೆ ಕಲಿತವಳು. ಬರೆಯುವುದರಲ್ಲಿ ಹೆಚ್ಚುಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಈ ಮಾತು ಬರೆಯದೆ ಇರಲಾರೆ.

ಆಗ ಈ ಶಹರದ ಮಾದಾಪುರದಲ್ಲಿ ಬಂಡೆಗಳನ್ನು ಸಿಡಿಸಿ ಐಟಿಯವರ ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ. ಕಲಬುರಗಿ ಕಡೆಯಿಂದ ಬಂದಿದ್ದ ನಮ್ಮ ಮನೆಯವರು ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ನಾನು ಗಚ್ಚಿಬೌಲಿಯಲ್ಲಿ ಸಾವಕಾರರ ಮನೆಯಲ್ಲಿ ಕೆಲಸಕ್ಕಿದ್ದೆ. ಅವರು ಬೀದರ್ ಕಡೆಯವರು. ಹೊರಗೆಲ್ಲ ತೆಲುಗು, ಹಿಂದಿ. ಅವರ ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಮಾತು. ನನಗೆ ಅದೇ ತವರಾಗಿತ್ತು.

ಸಾವಕಾರರಿಗೆ ರಾಣಿಗಂಜಿನಲ್ಲಿ ಕಾರಿನ ಸಾಮಾನಿನ ಅಂಗಡಿ. ಕಂಪನಿಯ ಒರಿಜಿನಲ್ ಮಾತ್ರ ಮಾರುತ್ತಿದ್ದರು. ಚಕ್ರದ ಹತ್ತಿರ ಕಬ್ಬಿಣ ಕಬ್ಬಿಣಕ್ಕೆ ತಾಗದಂತೆ ಕೂಡಿಸುವ ರಬ್ಬರ್ ಬುಶ್ ಇರುತ್ತದಲ್ಲ, ಅದನ್ನು ಉಗುರಿನಿಂದ ಕೆರೆದು, ಮೊದಲು ತಾವು ಮೂಸಿ, ಆಮೇಲೆ ಗಿರಾಕಿಯ ಮೂಗಿಗೆ ಹಿಡಿಯುತ್ತಿದ್ದರು. ಒರಿಜಿನಲ್ಲಿಗೆ ಗಿಡದ ಹಾಲಿನ ವಾಸನೆ, ಡುಪ್ಲಿಕೇಟಿಗೆ ಸುಟ್ಟ ಟಾಯರಿನ ವಾಸನೆ. "ನಿಮಗ ಡುಪ್ಲಿಕೇಟ್ ಬೇಕಾದ್ರ ಎದರಿನ ಅಂಗಡಿಗಿ ಹೋಗ್ರಿ," ಅಂತ ಎದುರಿನವನಿಗೆ ಕೇಳುವಂತೆಯೇ ಹೇಳುತ್ತಿದ್ದರಂತೆ. ಸಾಮಾನು ಹಾಕಿಸಿದ ಮೇಲೆ ಗಿರಾಕಿಯ ಗಾಡಿಯನ್ನು ತಾವೇ ಒಂದು ಸುತ್ತು ಓಡಿಸುವುದು ಅವರ ರೂಢಿ. ಪಕ್ಕದ ಸೀಟಿನವರ ಕೈಯಲ್ಲಿ ಮಜ್ಜಿಗೆ ತುಂಬಿದ ಗಿಲಾಸು. ಚೆಲ್ಲಿದರೆ ಮತ್ತೆ ಬಿಚ್ಚಿಸಿ ಹಾಕಿಸುವುದು.

ಅವರದೂ ಒಂದು ವಿದೇಶಿ ಕಾರಿತ್ತು. ದೊಡ್ಡದು, ಹಳೆಯದು, ಒಳಗೆ ಮೆತ್ತನೆಯ ಚರ್ಮದ ಸೀಟು. ವ್ಯಾಪಾರ ಏರುಗತಿಯಲ್ಲಿದ್ದಾಗ ಅಮ್ಮಾರಿಗೋಸ್ಕರ ತಂದದ್ದು. ಅಮ್ಮಾರು ಅಂದರೆ ಸಾವಕಾರರ ಹೆಂಡತಿ. ನಾನು ಸೇರುವ ಹೊತ್ತಿಗೆ ಅವರ ಬೆನ್ನುಹುರಿಗೆ ಕೆಟ್ಟ ರೋಗ ಹತ್ತಿತ್ತು. ಕುಂತರೆ ನೋವು, ಎದ್ದರೆ ನೋವು. ದವಾಖಾನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಬೇರೆ ಯಾವ ಗಾಡಿಯಲ್ಲೂ ಅವರಿಗೆ ಹಾಗೆ ಮಲಗಲು ಬರುತ್ತಿರಲಿಲ್ಲ. ಅಂಬುಲೆನ್ಸ್ ಅಂದರೆ ಸಿಟ್ಟು. "ಜೀವಂತ ಇದ್ದಾಗ ಅದ್ರಾಗ ಹತ್ತಂಗಿಲ್ಲ," ಅನ್ನುತ್ತಿದ್ದರು.

ಆ ವರ್ಷ ಅವರ ಮಗಳಿಗೆ ಮೊದಲ ಕೂಸು ಹುಟ್ಟಿತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ತಾಯಿಯೇ ಹಾಸಿಗೆ ಹಿಡಿದಾಗ ಮಾಡುವವರು ಯಾರು? ಬೀದರಿನ ಅತ್ತೆಮನೆಯಲ್ಲೇ ಆಯಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತು ಮಾಡಿದರು. ಅಮ್ಮಾರದು ಒಂದೇ ಹಟ: ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕೈ ನನ್ನದಾಗಬೇಕು.

ಸರಿಯಾಗಿ ಅದೇ ಹೊತ್ತಿಗೆ ಕಾರು ಕೂತುಬಿಟ್ಟಿತು. ತಗ್ಗಿನ ಏಟು ತಡೆಯುವ ಶಾಕಪ್‌ನಿಂದ ಎಣ್ಣೆ ಸೋರಿತ್ತು, ಬುಶ್‌ಗಳು ಹರಿದಿದ್ದವು. ಸಣ್ಣ ತಗ್ಗಿಗೂ ಧಡ್ ಅಂತ ಏಟು. ಒರಿಜಿನಲ್ ಹೊರದೇಶದಿಂದ ಹಡಗಿನಲ್ಲಿ ಬರಬೇಕು, ತೊಟ್ಟಿಲ ದಿನಕ್ಕೆ ಮುಟ್ಟುವುದಿಲ್ಲ. ಡುಪ್ಲಿಕೇಟ್ ಬೇಕಾದರೆ ಇವತ್ತೇ ಸಿಗುತ್ತದೆ, ಅದೇ ಎದುರಿನ ಅಂಗಡಿಯಲ್ಲಿ.

"ತೊಟ್ಟಿಲು ಸ್ವಲ್ಪ ಮುಂದ ಹಾಕಾಕ ಹೇಳ್ತೀನಿ. ಒರಿಜಿನಲ್ ಬರ್ಲಿ. ಡುಪ್ಲಿಕೇಟ್ ಮ್ಯಾಲ ನಿನ್ನ ಮಲಗಿಸಿಕೊಂಡು ಅಷ್ಟು ದೂರ ಹೆಂಗ ಹೋಗ್ಲಿ?" ಅಂದರು ಸಾವಕಾರರು.

ಅಮ್ಮಾರು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ತೊಟ್ಟಿಲು ಮುಂದ ಹಾಕಬಹುದ್ರಿ. ನಂದು ಯಾರು ಮುಂದ ಹಾಕ್ತಾರ?"

ಸಾವಕಾರರು ಅವತ್ತೇ ಒರಿಜಿನಲ್ಲಿಗೆ ಹೇಳಿ ಕಳಿಸಿದರು, ಆಮೇಲೆ ರಸ್ತೆ ದಾಟಿ ಎದುರಿನ ಅಂಗಡಿಗೂ ಹೋದರು. ಸಂಜೆ ಅಮ್ಮಾರ ಮುಂದೆ ಆ ಅಂಗಡಿಯವನ ದನಿಯಲ್ಲೇ ಅಣಕಿಸಿ ತೋರಿಸಿದರು. "ಕ್ಯಾ ಸೇಠ್, ರಾಸ್ತಾ ಭೂಲ್ ಗಯೇ ಕ್ಯಾ? ದಾರಿ ತಪ್ಪಿ ಬಂದಿರೇನು ಅಂತ ಗಲ್ಲಾ ಬಡಿದು ನಕ್ಕ ನೋಡು ಅಂವ. ಯಾರಿಗೆ ಅಂತ ಹೇಳಿದೆ. ನಗೋದು ಬಿಟ್ಟ. ಒಳಗ ಹೋಗಿ ಇದ್ದದ್ರಾಗ ಚಲೋದು ಹುಡುಕಿ ತಂದ." ಬುಶ್ ಒಂದನ್ನು ನನ್ನ ಮೂಗಿಗೆ ಹಿಡಿದು, "ಮೂಸವ್ವಾ," ಅಂದರು. ಸುಟ್ಟ ಟಾಯರು.

ಹಾಕಿಸಿದ ಮೇಲೆ ಅಮ್ಮಾರ ಜಾಗದಲ್ಲಿ ನನ್ನನ್ನು ಮಲಗಿಸಿ, ಕೈಗೆ ಮಜ್ಜಿಗೆ ಗಿಲಾಸು ಕೊಟ್ಟು ಓಡಿಸಿದರು. ಊರ ತುಂಬ ರಸ್ತೆ ಅಗೆದಿದ್ದರು. ಮೊದಲ ತಿರುವಿಗೇ ನನ್ನ ಸೀರೆ ಮಜ್ಜಿಗೆಯಾಯಿತು.

"ಹೆಂಗೈತವ್ವಾ?"

"ಸಾವಕಾರ್ರ, ನಮ್ಮೂರ ಎತ್ತಿನ ಬಂಡಿ ವಾಸಿ ರೀ."

ಅವರು ನಗಲಿಲ್ಲ. ಮನೆಗೆ ಬಂದಾಗ ಅಮ್ಮಾರು ನನ್ನ ಒದ್ದೆ ಸೀರೆ ನೋಡಿದರು, ಗಂಡನ ಜೋಲು ಮುಖ ನೋಡಿದರು. "ಚೆಲ್ಲಿದ್ರ ಚೆಲ್ಲಲಿ ಬಿಡ್ರಿ. ನಾ ಏನ್ ಮಜ್ಜಿಗೇನು?" ಅಂದರು.

ತೊಟ್ಟಿಲ ದಿನ ಬೆಳಗ್ಗೆ ಹೊರಟೆವು. ಅಮ್ಮಾರು ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಶಹರದ ಅಂಚಿನ ಪಟಾನ್‌ಚೆರು ದಾಟುವ ತನಕ ಹೇಗೋ ನಡೆಯಿತು. ಆಮೇಲೆ ಲಾರಿಗಳು ಕೆಡಿಸಿದ ರಸ್ತೆ. ಸಾವಕಾರರು ನಡೆಯುವ ಮನುಷ್ಯನಷ್ಟು ಮೆಲ್ಲಗೆ ಓಡಿಸುತ್ತಿದ್ದರು, ಹಿಂದಿನ ಗಾಡಿಯವರು ಹಾರ್ನ್ ಬಾರಿಸಿ ಬೈದು ಹೋಗುತ್ತಿದ್ದರು. ಒಂದೊಂದು ತಗ್ಗಿಗೂ ಅಮ್ಮಾರ ಉಗುರು ನನ್ನ ಮುಂಗೈಯೊಳಗೆ ಇಳಿಯುತ್ತಿತ್ತು. ತುಟಿ ಕಚ್ಚಿ ಹಿಡಿದಿದ್ದರು, ದನಿ ಮಾತ್ರ ಹೊರಗೆ ಬಿಡಲಿಲ್ಲ.

"ಹೆಂಗನಸ್ತೈತಿ?" ಅಂತ ಮುಂದಿನಿಂದ ಸಾವಕಾರರು ಕೇಳಿದರು.

"ಭಾಳ ಮೆತ್ತಗೈತ್ರಿ! ನಿಮ್ಮ ಒರಿಜಿನಲ್‌ಗೆ ಸೊಕ್ಕು ಭಾಳ ಇತ್ತು. ಇದ ಚಲೋ," ಅಂದರು ಅಮ್ಮಾರು. ಕಣ್ಣಿನಿಂದ ನೀರು ಇಳಿದು ನನ್ನ ತೊಡೆ ಒದ್ದೆಯಾಗಿತ್ತು.

ಸಾವಕಾರರು ಕೈ ಎತ್ತಿ, ಹಿಂದಿನವರು ಕಾಣುವ ಆ ಕನ್ನಡಿಯನ್ನು ಮೇಲಕ್ಕೆ ತಿರುವಿದರು. "ಬಿಸಲು ಕಣ್ಣಿಗೆ ಹೊಡಿಯಾಕತ್ತೈತಿ," ಅಂದರು. ಹೌದು, ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ನಾನೂ ಹಾಗೇ ಅಂದುಕೊಂಡೆ.

ಬೀದರಿನಲ್ಲಿ ಹೆಂಗಸರು ತೊಟ್ಟಿಲ ಸುತ್ತ ನೆರೆದಿದ್ದರು. ತೊಟ್ಟಿಲ ಮೇಲಿನಿಂದ ಒಬ್ಬರು, ಕೆಳಗಿನಿಂದ ಒಬ್ಬರು ಕೂಸನ್ನು ಕೈದಾಟಿಸುವುದು ನಮ್ಮ ಕಡೆಯ ಪದ್ಧತಿ. ಅಮ್ಮಾರಿಗೆ ನಿಲ್ಲಲು ಆಗುವುದಿಲ್ಲವಲ್ಲ, ತೊಟ್ಟಿಲ ಕೆಳಗೆ ಚಾಪೆ ಹಾಕಿ ಮಲಗಿಸಿದೆವು. ಮಲಗಿದಲ್ಲಿಂದಲೇ ಕೈ ಚಾಚಿ ಕೂಸನ್ನು ಇಸಕೊಂಡು, ಎದೆಯ ಮೇಲೆ ಇಟ್ಟುಕೊಂಡು, ಅದರ ನೆತ್ತಿ ಮೂಸಿದರು. ಎಷ್ಟು ಹೊತ್ತು ಮೂಸಿದರೋ...

"ಒರಿಜಿನಲ್ ಐತೇನು?" ಅಂತ ಬಾಗಿಲಲ್ಲಿ ನಿಂತ ಸಾವಕಾರರು ಕೇಳಿದರು. ಮನೆಯೆಲ್ಲ ನಕ್ಕಿತು. ಅಮ್ಮಾರೂ ನಕ್ಕರು. ಆಮೇಲೆ ಅವರ ಎರಡೂ ಕೈಗೆ ನಾವು ಆಸರೆ ಹಿಡಿದೆವು, ಅವರು ಕೂಸನ್ನು ತೊಟ್ಟಿಲಿಗೆ ಹಾಕಿದರು.

ವಾಪಸು ಬರುವಾಗ ಮೋಡ ಮುಚ್ಚಿತ್ತು. ಬಿಸಿಲಿನ ಸುಳಿವಿಲ್ಲ. ಕನ್ನಡಿ ಮಾತ್ರ ಮೇಲಕ್ಕೇ ತಿರುಗಿತ್ತು, ಕಾರಿನ ಚಾವಣಿ ನೋಡುತ್ತ. ಆಗ ನನಗೆ ತಿಳಿಯಿತು. ಅಮ್ಮಾರು ಗಂಡನಿಗೋಸ್ಕರ ಮೆತ್ತಗಿದೆ ಅನ್ನುತ್ತಿದ್ದರು. ಅದನ್ನು ನಂಬಿದವರ ಹಾಗೆ ಇರಬೇಕು ಅಂತ ಸಾವಕಾರರು ಹಿಂದೆ ನೋಡುವುದನ್ನೇ ಬಿಟ್ಟಿದ್ದರು. ಅಮ್ಮಾರು ಮುಖ ಕಿವುಚಬಹುದು, ಅಳಬಹುದು, ನೋಡುವವರು ಯಾರೂ ಇಲ್ಲ. ನಾನು ಅಮ್ಮಾರ ತಲೆ ನೇವರಿಸುತ್ತ ಕುಂತೆ.

ಸ್ವಲ್ಪ ದಿನಕ್ಕೇ ಅಮ್ಮಾರು ಹೋದರು. ಒರಿಜಿನಲ್ ಪೆಟ್ಟಿಗೆ ಬಂದದ್ದು ಅದಾದ ಮೇಲೆ. ವಾಪಸು ಕಳಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಒಡೆದರು, ಮೂಸಿದರು, ಹಾಕಿಸಿದರು. "ಹಿಂದ ಕೂಡವ್ವಾ," ಅಂತ ನನ್ನ ಕೈಗೆ ಮಜ್ಜಿಗೆ ಗಿಲಾಸು ಕೊಟ್ಟರು. ಅದೇ ಅಗೆದ ರಸ್ತೆ, ಅದೇ ತಗ್ಗು. ನನ್ನ ತೊಡೆ ಮಾತ್ರ ಖಾಲಿ. ಗಿಲಾಸಿನಿಂದ ಒಂದು ಹನಿಯೂ ಚೆಲ್ಲಲಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿ ತಿರುಗಿ ನೋಡಿದರು. ತುಂಬಿದ ಗಿಲಾಸನ್ನು ಭಾಳ ಹೊತ್ತು ನೋಡಿದರು. ಚೆಲ್ಲಿದ್ದರೆ ಚೆನ್ನಾಗಿತ್ತೇನೋ ಅಂತ ನನಗೆ ಅನ್ನಿಸಿತು... ಅವರು ಗಿಲಾಸು ಇಸಕೊಂಡು ಅಂಗಳದ ತುಳಸಿಯ ಬುಡಕ್ಕೆ ಸುರುವಿ ಒಳಗೆ ಹೋದರು. ಆಮೇಲೆ ಆ ಕಾರನ್ನು ಅವರು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಅಂಗಡಿ ಮಾರಿ ಮಗಳ ಊರಿಗೆ ಹೋದರು. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲೂ ಆಗಲಿಲ್ಲ.

ನಿನ್ನೆ ಬೀದರಿನಿಂದ ಮೊಮ್ಮಗಳನ್ನು ಕರಕೊಂಡು ಬಂದೆವು. ಮಗ ಐಟಿಯವರಿಗೆ ಕ್ಯಾಬ್ ಓಡಿಸುತ್ತಾನೆ, ಗಾಡಿ ಸ್ವಂತದ್ದು. ಮುಂದೆ ಅವನ ಪಕ್ಕ ಸೊಸೆ, ಹಿಂದೆ ನಾನು, ನನ್ನ ತೊಡೆಯ ಮೇಲೆ ಕೂಸು. ರಸ್ತೆ ಈಗ ಎಣ್ಣೆ ಸುರುವಿದ ಹಾಗೆ ನುಣುಪು. ಅದೇ ದಾರಿ, ಅದೇ ತೊಡೆ. ಕೂಸಿನ ನೆತ್ತಿ ಮೂಸಿದೆ. ಹಾಲಿನ ವಾಸನೆ. ಒರಿಜಿನಲ್ ಐತೇನು ಅಂತ ಕೇಳುವವರಿಲ್ಲ. ಪಟಾನ್‌ಚೆರು ಹತ್ತಿರ ಬರುತ್ತಿದ್ದಂತೆ ನನಗೆ ಒಮ್ಮೆಲೇ ಅಳು ಒತ್ತರಿಸಿ ಬಂತು.

"ಯವ್ವಾ, ಇಂಥಾ ಖುಷಿಯಾಗ ಯಾಕ ಅಳಾಕತ್ತಿ?" ಅಂತ ಮಗ ಕನ್ನಡಿಯಲ್ಲಿ ನೋಡುತ್ತ ಕೇಳಿದ.

"ಏನಿಲ್ಲಪಾ. ಆ ಕನ್ನಡಿ ಸ್ವಲ್ಪ ಮ್ಯಾಲಕ ತಿರುವು," ಅಂದೆ.