ಅಂಟಕ್ಕನ ಮೇಜು

ಒಂದು ಪ್ರಯೋಗಾಲಯದ ಯಂತ್ರವು ಜೀವಕೋಶಗಳಿಂದ ಕಿವಿಯನ್ನೇ ಅಚ್ಚು ಹಾಕುತ್ತದೆ ಎಂದು ಪತ್ರಿಕೆಗಳು ಬರೆದವು. ಇದು ಅರ್ಧ ಸತ್ಯವೂ ಅಲ್ಲ. ಯಂತ್ರಕ್ಕೆ ಬರುವುದು ಸಿರಿಂಜನ್ನು ಒತ್ತುವುದು ಮತ್ತು ತೋರಿಸಿದ ದಾರಿಯಲ್ಲಿ ಸೂಜಿಯನ್ನು ಓಡಿಸುವುದು, ಅಷ್ಟೇ. ಜೀವಕೋಶಗಳನ್ನು ಒಳಗೆ ಹಿಡಿದು ನಿಲ್ಲಬೇಕಾದದ್ದು ಸಿರಿಂಜಿನಲ್ಲಿರುವ ಅಂಟು. ಜೆಲಾಟಿನ್ ಪುಡಿ, ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಪುಡಿ, ಉಳಿದದ್ದೆಲ್ಲ ನೀರು. ಓದಿದವರು ಅದನ್ನು ಹೈಡ್ರೋಜೆಲ್ ಎನ್ನುತ್ತಾರೆ. ಆ ಪ್ರಯೋಗಾಲಯದಲ್ಲಿ ಹದಿನೇಳು ವರ್ಷ ಅದರ ಹದ ಕಾಯ್ದವಳನ್ನು ಎಲ್ಲರೂ ಅಂಟಕ್ಕ ಎಂದು ಕರೆಯುತ್ತಿದ್ದರು. ಅವಳ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬಂದದ್ದು ಅವಳ ತಂಗಿಯ ಹೆಸರು.

ಒಂಬತ್ತು ವರ್ಷಗಳ ಹಿಂದೆ ಗಾಜಿನ ಪಾತ್ರೆ ತೊಳೆಯುವ ಕೋಣೆಯಲ್ಲಿ ಒಂದು ಜಾಗ ಖಾಲಿಯಾದಾಗ ತಂಗಿಯ ಅರ್ಜಿಯನ್ನು ಕೈಯಾರೆ ತಂದು ಕೊಟ್ಟವಳು ಅಂಟಕ್ಕನೇ. ಆಮೇಲೆ ಅಚ್ಚಿನ ಯಂತ್ರ ಬಂತು. ತಂಗಿ ಊಟದ ಬಿಡುವಿನಲ್ಲಿ ಅದರ ಮುಂದೆ ಕುಳಿತು, ನೋಡಿ ನೋಡಿ, ಎರಡೇ ವರ್ಷದಲ್ಲಿ ಅದನ್ನು ನಡೆಸುವವಳಾದಳು. ಕಳೆದ ತಿಂಗಳು ಪ್ರಕಟವಾದ ಪ್ರಬಂಧದಲ್ಲಿ ಆರು ಹೆಸರುಗಳಿದ್ದವು; ಮೂರನೆಯದು ತಂಗಿಯದು. ಅಂಟಕ್ಕನಿಗೆ ಸಿಕ್ಕಿದ್ದು ಕೊನೆಯ ಸಾಲಿನಲ್ಲಿ 'ಇತರ ಸಿಬ್ಬಂದಿಗೆ ವಂದನೆ'. ಹದಿನೇಳು ವರ್ಷದ ದುಡಿಮೆಗೆ 'ಇತರ' ಎಂಬ ಪದ! ಆ ಸಾಲನ್ನು ಬರೆದವರಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಅವಳ ಹೆಸರು ಬಂದ್ರೆ ನಮ್ಮನೆ ಹೆಸರು ಬಂದ ಹಾಗೇ ತಾನೇ?" ಎಂದ ಅಂಟಕ್ಕನ ದರ್ಜಿ ಗಂಡ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ನೀವು ಹೊಲಿದ ಅಂಗಿಗೆ ಪಕ್ಕದಂಗ್ಡಿಯವನು ಅವನ ಪಟ್ಟಿ ಅಂಟಿಸಿದ್ರೆ ಹೀಗೇ ಅಂತೀರಾ?"

ಗಂಡ ಬಾಯಿಯ ಪಿನ್ನು ತೆಗೆದು ಬಟ್ಟೆಗೆ ಚುಚ್ಚಿದ.

ಅದೇ ತಿಂಗಳು ಪ್ರಯೋಗಾಲಯದ ಮುಖ್ಯಸ್ಥೆ ಇಬ್ಬರನ್ನೂ ಕರೆದರು. ಇನ್ನು ಮುಂದೆ ಯಂತ್ರ ನಡೆಸುವವಳೇ ಅಂಟನ್ನೂ ಮಾಡಲಿ, ವಿಧಾನ ಹೇಗೂ ದಾಖಲೆ ಪುಸ್ತಕದಲ್ಲಿದೆ ಎಂದರು. ಒಂದು ತಿಂಗಳು ಅಚ್ಚು ಸರಿಯಾಗಿ ಬಂದರೆ ಅಂಟಕ್ಕ ಗಾಜು ತೊಳೆಯುವ ಕೋಣೆಗೆ ಹೋಗಬೇಕು. ಐವತ್ತನಾಲ್ಕು ವರ್ಷದವಳು, ತಂಗಿ ಮೊದಲ ದಿನ ನಿಂತಿದ್ದ ತೊಟ್ಟಿಯ ಮುಂದೆ!

ಪುಸ್ತಕದಲ್ಲಿ ವಿಧಾನವಿತ್ತು, ನಿಜ: ತೂಕ, ಬಿಸಿ, ಹೊತ್ತು. ಇಲ್ಲದಿದ್ದದ್ದು ಒಂದೇ. ಅಂಟಕ್ಕ ಪ್ರತಿ ಸಲವೂ ಜೀವಕೋಶ ಬೆರೆಸುವ ಮೊದಲು ಚಪ್ಪಟೆ ಚಮಚದ ತುದಿಯಿಂದ ಅಂಟನ್ನು ಮೇಲೆತ್ತಿ ನೋಡುತ್ತಿದ್ದಳು. ಅದು ಹನಿಹನಿಯಾಗಿ ಬಿದ್ದರೆ ತೆಳು. ಗೇಣುದ್ದ ಎಳೆಯಾಗಿ ನಿಂತರೆ ಹದ. ಆ ಪುಸ್ತಕದಲ್ಲಿ ಸಹಿಯ ಅಂಕಣ ಯಂತ್ರ ನಡೆಸುವವರಿಗೆ ಮಾತ್ರವಿತ್ತು. ಸಹಿ ಹಾಕಲು ಜಾಗವಿಲ್ಲದವಳು ಎಳೆಯ ವಿಷಯವನ್ನೂ ಬರೆಯಲಿಲ್ಲ.

ತಂಗಿ ತಾನೇ ಅಂಟು ಕಲಸಬೇಕಿದ್ದ ಮೊದಲ ಸೋಮವಾರದ ಜೀವಕೋಶಗಳು ಸಾಮಾನ್ಯದವಲ್ಲ. ಅಪಘಾತದಲ್ಲಿ ಕಿವಿ ಹರಿದುಕೊಂಡ ಒಬ್ಬ ಹೆಂಗಸು ತನ್ನ ಮೃದ್ವಸ್ಥಿಯ ಅಕ್ಕಿಕಾಳಿನಷ್ಟು ಚೂರನ್ನು ಸಂಶೋಧನೆಗೆ ಕೊಟ್ಟಿದ್ದಳು. ಈ ಅಚ್ಚು ಅವಳಿಗೆ ಜೋಡಿಸುವುದಕ್ಕಲ್ಲ, ಪರೀಕ್ಷೆಗಷ್ಟೇ. ಆದರೂ ಅವುಗಳನ್ನು ಬೆಳೆಸಲು ಐದು ವಾರ ಹಿಡಿದಿತ್ತು, ಮತ್ತೆ ಕೇಳಿದರೆ ಸಿಗುವಂತಿರಲಿಲ್ಲ. ಅರ್ಧ ಸೋಮವಾರಕ್ಕೆ, ಅರ್ಧ ಗುರುವಾರಕ್ಕೆ.

ಆಲ್ಜಿನೇಟ್ ಡಬ್ಬಿ ಹೊಸದಾಗಿತ್ತು. ಅದೇ ಹೆಸರು, ಅದೇ ನೀಲಿ ಮುಚ್ಚಳ, ಆದರೆ ತಯಾರಿಕೆಯ ಬ್ಯಾಚ್ ಸಂಖ್ಯೆ ಬೇರೆ. ಬ್ಯಾಚ್ ಬದಲಾದರೆ ಪುಡಿಯ ಗುಣ ಬದಲಾಗಬಹುದೆಂದು ಅಂಟಕ್ಕನಿಗೆ ಗೊತ್ತಿತ್ತು. ಆಚೆ ಮೇಜಿನಿಂದಲೇ ಅವಳಿಗೆ ಕಂಡಿತು: ತಂಗಿ ಚಮಚ ಎತ್ತಿದಾಗ ಅಂಟು ಟಪಟಪನೆ ಹನಿಯಿತು.

"ಅಕ್ಕಾ, ಪುಸ್ತಕದಲ್ಲಿರೋದು ಇಷ್ಟೇನಾ? ಇನ್ನೇನಾದ್ರೂ ಇದ್ಯಾ?"

"ಬರ್ದಿರೋದು ಓದೋಕೆ ಬರಲ್ವಾ ನಿಂಗೆ? ಪೇಪರಲ್ಲೆಲ್ಲ ಹೆಸರು ಬರುತ್ತೆ!"

ತಂಗಿ ನಕ್ಕು ಜೀವಕೋಶ ಬೆರೆಸಿದಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಜಾಲರಿಯಂತೆ ನಿಲ್ಲಬೇಕಾದ ಗೆರೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡವು, ಕಂಡಿಗಳು ಮುಚ್ಚಿದವು. ಕಂಡಿ ಮುಚ್ಚಿದರೆ ಒಳಗಿನ ಜೀವಕೋಶಗಳಿಗೆ ಪೋಷಣೆ ತಲುಪದು, ಅವು ಸಾಯುತ್ತವೆ. ಮುಖ್ಯಸ್ಥೆ ಎಲ್ಲರೆದುರು ತಂಗಿಗೆ ಹೇಳಬಾರದ್ದನ್ನೂ ಹೇಳಿದರು. ಅಂಟಕ್ಕನಿಗೆ ಆ ದಿನ ಊಟ ರುಚಿಸಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಎರಡನೆಯ ಸಲವೂ ಬಡಿಸಿಕೊಂಡಳು.

ಬುಧವಾರ ತಂಗಿ ಯಂತ್ರವನ್ನೇ ಬಿಚ್ಚಿದಳು. ಸೂಜಿ ಬದಲಿಸಿದಳು, ಒತ್ತಡ ಇಳಿಸಿದಳು. ತಪ್ಪು ಎಲ್ಲಿಲ್ಲವೋ ಅಲ್ಲೆಲ್ಲ ಹುಡುಕಿದಳು. ಗುರುವಾರ ಬೆಳಿಗ್ಗೆ ಮತ್ತೆ ಅದೇ ತೂಕ ಹಾಕಿ ಅಂಟು ಕಲಸಿ, ಉಳಿದ ಜೀವಕೋಶಗಳ ನಳಿಕೆಯನ್ನು ಕೈಗೆತ್ತಿಕೊಂಡಳು.

ಇನ್ನೊಂದು ನಿಮಿಷ ಸುಮ್ಮನಿದ್ದರೆ ಮೇಜು ಅಂಟಕ್ಕನದೇ. ಬಾಯಿ ಬಿಟ್ಟರೆ ಸೋಮವಾರದ ಮೌನವೂ ಹೊರಗೆ ಬರುತ್ತದೆ. ಅವಳ ಕಣ್ಣು ಮತ್ತೆ ಚಮಚದ ಕಡೆ ಹೋಯಿತು. ಹನಿಯುವ ಅಂಟನ್ನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಅವಳು ಆ ಮೇಜಿನಿಂದ ಆಚೆ ಕಳಿಸಿರಲಿಲ್ಲ.

"ಕೆಳಗಿಡು ಅದನ್ನ. ಬೆರೆಸಬೇಡ."

"ಯಾಕಕ್ಕಾ?"

"ಅಂಟು ತೆಳು. ಪುಡಿ ಬ್ಯಾಚ್ ಬದಲಾಗಿದೆ. ಐವತ್ತು ಮಿಲಿಗೆ ಒಂದೂವರೆ ಗ್ರಾಂ ಸಾಲಲ್ಲ, ಎರಡು ಬೇಕಾಗ್ಬಹುದು. ಹೊಸದಾಗಿ ಕಲಸಿ ಎಳೆ ನೋಡೋಣ."

ಎರಡು ಗ್ರಾಮಿಗೆ ಎಳೆ ನಿಂತಿತು. ತಂಗಿ ಅದನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು.

"ಸೋಮವಾರನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ಕೇಳ್ದೆ ಅಲ್ವಾ ಅಕ್ಕಾ? ಬಾಯ್ಬಿಟ್ಟು ಕೇಳ್ದೆ."

"ಕೇಳ್ದೆ. ಹೇಳಲಿಲ್ಲ."

ಜಾಲರಿ ಅಂದು ಗೆರೆ ಕೊರೆದಂತೆ ನಿಂತಿತು. ತಂಗಿ ಪುಸ್ತಕದಲ್ಲಿ 'ಸೋಮವಾರದ ದೋಷ: ಪುಡಿಯ ಬದಲಾವಣೆ' ಎಂದಷ್ಟೇ ಬರೆದು ಸಹಿ ಹಾಕಿ, "ಯಾರಿಗೂ ಹೇಳಲ್ಲ ಬಿಡು" ಎಂದಳು. ಅಂಟಕ್ಕನ ಮೈ ಉರಿದುಹೋಯಿತು. ಹೆಸರು ಅವಳದು, ಯಂತ್ರ ಅವಳದು, ಈಗ ದೊಡ್ಡ ಮನಸ್ಸೂ ಅವಳದೇ! ಪುಸ್ತಕ ಕಿತ್ತುಕೊಂಡು ಅಂಚಿನಲ್ಲಿ ತಾನೇ ಬರೆದಳು: 'ಪುಡಿ ಬದಲಾದದ್ದನ್ನು ಸೋಮವಾರ ನಾನು ಕಂಡಿದ್ದೆ. ಕೇಳಿದರೂ ತಿಳಿಸಲಿಲ್ಲ.' ಕೆಳಗೆ ಎಳೆ ನೋಡುವ ಕ್ರಮ, ತಾರೀಖು, ಸಹಿ. ಆ ಪುಸ್ತಕದಲ್ಲಿ ಅದು ಅವಳ ಮೊದಲ ಸಹಿ.

"ಹುಚ್ಚಾ ನಿಂಗೆ? ಮೇಡಂ ಓದ್ತಾರೆ!"

"ಓದ್ಲಿ. ಅದಕ್ಕೇ ಬರ್ದಿರೋದು."

ಮುಖ್ಯಸ್ಥೆ ಓದಿದರು. ತಿಂಗಳು ತುಂಬುವವರೆಗೂ ಕಾಯಲಿಲ್ಲ. ತಂಗಿ ಅವರ ಕೋಣೆಯಲ್ಲಿ ಅಕ್ಕನ ಪರವಾಗಿ ಇಪ್ಪತ್ತು ನಿಮಿಷ ವಾದಿಸಿದಳಂತೆ, ಫಲವಾಗಲಿಲ್ಲ.

ಅದರ ಮುಂದಿನ ಸೋಮವಾರದಿಂದ ಅಂಟಕ್ಕ ಗಾಜು ತೊಳೆಯುವ ಕೋಣೆಯಲ್ಲಿದ್ದಾಳೆ. ಮೂರನೆಯ ದಿನ ತಂಗಿ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ ಕೇಳಿದಳು.

"ಅಕ್ಕಾ, ಜೆಲಾಟಿನ್ ನೊರೆ ಬರ್ತಿದೆ. ಏನ್ಮಾಡ್ಲಿ?"

ಹೊಟ್ಟೆಕಿಚ್ಚು ಇಳಿದಿತ್ತೇ ಎಂದರೆ, ಇಲ್ಲ. ತಂಗಿಯ ಬಿಳಿ ಕೋಟಿನ ಮೇಲಿದ್ದ ಅಂಟಿನ ಕಲೆಯಿಂದ ಅವಳು ಕಣ್ಣು ಕೀಳಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಂಡಳು.

"ಕಲಕೋ ವೇಗ ಅರ್ಧಕ್ಕೆ ಇಳಿಸು. ಮುಚ್ಚಿ ಬೆಚ್ಚಗೆ ಇಪ್ಪತ್ತು ನಿಮಿಷ ಬಿಡು. ಆಮೇಲೂ ಗುಳ್ಳೆ ಇದ್ರೆ ತಿರುಗೋ ಯಂತ್ರಕ್ಕೆ ಹಾಕು, ಎರಡೇ ನಿಮಿಷ, ಜಾಸ್ತಿ ಬೇಡ. ಬರ್ಕೋ, ನಿಂತಿದ್ದೀಯಲ್ಲ!"

ತಂಗಿ ಬರೆದುಕೊಂಡಳು.